ಬೈಕಿಗೆ ರೈಡಿಂಗ್ ಜೀನ್ಸ್ ತಗೊಳ್ಳುವಾಗ ಏನು ನೋಡಬೇಕು?

ಜಾಲಹಳ್ಳಿ ಕ್ರಾಸ್
ಎಲ್ಲರಿಗೂ ನಮಸ್ಕಾರ. ದಿನಾ ಜಾಲಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಬೈಕಿನಲ್ಲೇ ಓಡಾಟ. ಭಾನುವಾರ ಆದರೆ ನಂದಿ ಬೆಟ್ಟ, ಇಲ್ಲಾಂದ್ರೆ ಮಾಗಡಿ ಕಡೆ. ಹೆಲ್ಮೆಟ್, ಜಾಕೆಟ್, ಗ್ಲೌಸ್ ಎಲ್ಲಾ ಒಳ್ಳೆಯದೇ ಇದೆ. ಸೊಂಟದ ಕೆಳಗೆ ಮಾತ್ರ ಮಾಮೂಲಿ ಜೀನ್ಸ್. ದಪ್ಪ ರೈಡಿಂಗ್ ಪ್ಯಾಂಟ್ ಹಾಕಿಕೊಂಡು ಇಡೀ ದಿನ ಆಫೀಸಿನಲ್ಲಿ ಕೂರಲು ಆಗಲ್ಲ, ಅದಕ್ಕೇ ರೈಡಿಂಗ್ ಜೀನ್ಸ್ (ನೋಡಲು ಮಾಮೂಲಿ ಜೀನ್ಸ್, ಒಳಗೆ ಬಿದ್ದಾಗ ಕಾಪಾಡುವ ಬಟ್ಟೆ, ಪ್ಯಾಡ್) ಕಡೆ ಮನಸ್ಸು ಹೋಗಿದೆ. ಬಜೆಟ್ 10 ಸಾವಿರ, ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ.

ಒಂದು ಅಂಗಡಿಯಲ್ಲಿ "ಕೆವ್ಲಾರ್ ಇದೆ ಸಾರ್, ಏನೂ ಆಗಲ್ಲ" ಅಂದರು. ಇನ್ನೊಂದರಲ್ಲಿ "ಇದು ಸಿಇ ಸಾರ್" ಅಂದರು. ಯಾವುದನ್ನು ನಂಬಬೇಕು? ಏಪ್ರಿಲ್ ಬಿಸಿಲಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಬೆಂದು ಹೋಗ್ತೀನಾ?

ಹಳೇ ಬುಲೆಟ್
ಸುಮ್ನೆ ದುಡ್ಡು ದಂಡ. ಕಾಲೇಜು ದಿನದಿಂದ ಮಾಮೂಲಿ ಜೀನ್ಸಿನಲ್ಲೇ ಓಡಿಸುತ್ತಿದ್ದೇನೆ. ಡೆನಿಮ್ ಅಂದರೆ ಗಟ್ಟಿ ಬಟ್ಟೆ, ಗಣಿ ಕೆಲಸಗಾರರಿಗೆ ಅಂತಲೇ ಮಾಡಿದ್ದು. ನಿಧಾನಕ್ಕೆ ಓಡಿಸಿ, ಸಾಕು.

ಘಾಟಿ ಗಿರಾಕಿ
ಗಣಿ ಕೆಲಸಗಾರರು ಡಾಂಬರಿನ ಮೇಲೆ ಜಾರಲ್ಲ ಸಾರ್ 😀

ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್. ಒಣ ಡಾಂಬರಿನ ಮೇಲೆ ಬಿದ್ದ ಮೈ ನಿಲ್ಲುವಷ್ಟರಲ್ಲಿ ಸುಮಾರು 15 ಮೀಟರ್ ಜಾರುತ್ತೆ, ಎರಡು ಸೆಕೆಂಡಿಗಿಂತ ಜಾಸ್ತಿ ಹೊತ್ತು. 80ರಲ್ಲಿ ಬಿದ್ದರೆ 40 ಮೀಟರ್ ಹತ್ತಿರ, ಮೂರೂವರೆ ಸೆಕೆಂಡ್. ಲ್ಯಾಬಿನ ಯಂತ್ರದಲ್ಲಿ ಉಜ್ಜಿದರೆ ಮಾಮೂಲಿ ಹತ್ತಿಯ ಡೆನಿಮ್ ಒಂದು ಸೆಕೆಂಡ್ ತಡೆಯುವುದೇ ಕಷ್ಟ. ಉಳಿದ ಹೊತ್ತು ಉಜ್ಜೋದು ನಿಮ್ಮ ಚರ್ಮ.

ಹಳೇ ಬುಲೆಟ್
ಊರೊಳಗೆ 80 ಯಾರು ಹೋಗ್ತಾರೆ? ಔಟರ್ ರಿಂಗ್ ರೋಡಿನಲ್ಲಿ 20 ಸಿಕ್ಕರೆ ಪುಣ್ಯ.

ಘಾಟಿ ಗಿರಾಕಿ
ಬೆಳಿಗ್ಗೆ 9ಕ್ಕೆ ಸರಿ. ರಾತ್ರಿ 10ಕ್ಕೆ ಅದೇ ರಸ್ತೆ ನೋಡಿ. ನಂದಿಗೆ ಹೋಗುವವರು ಬೆಳಗಿನ ಜಾವ ಬಳ್ಳಾರಿ ರಸ್ತೆಯಲ್ಲಿ ಎಷ್ಟರಲ್ಲಿ ಹೋಗ್ತಾರೆ ಅಂತ ನಿಮಗೂ ಗೊತ್ತು.

ಸ್ಟುಟ್‌ಗಾರ್ಟ್ ಸೀನ
ಮೂಲ ಪ್ರಶ್ನೆಗೆ ಬರ್ತೀನಿ. ನಾನು ಹಾಸನದವನು, ಕೆಲಸ ಜರ್ಮನಿಯಲ್ಲಿ. ಇಲ್ಲಿ ರೈಡಿಂಗ್ ಬಟ್ಟೆಯನ್ನು ರಕ್ಷಣಾ ಉಡುಪು ಅಂತ ಲೆಕ್ಕಕ್ಕೆ ತಗೊಂಡು ಪರೀಕ್ಷೆ ಮಾಡಿಸಿಯೇ ಮಾರಬೇಕು. 2018ರಿಂದ ಯುರೋಪಿನಲ್ಲಿ ಆ ನಿಯಮ ಇನ್ನೂ ಬಿಗಿಯಾಗಿದೆ.

ನಿಮ್ಮ ಅಂಗಡಿಯವರು ಇಬ್ಬರೂ ಅರ್ಧ ಮಾತು ಹೇಳಿದ್ದಾರೆ. ಸಿಇ ಅಂದರೆ ಯುರೋಪಿನ ಸುರಕ್ಷತಾ ನಿಯಮಕ್ಕೆ ಹೊಂದುತ್ತೆ ಅನ್ನೋ ಗುರುತು. ಅದು ಎರಡು ಬೇರೆ ಬೇರೆ ವಸ್ತುಗಳ ಮೇಲೆ ಇರಬಹುದು. ಒಂದು, ಮೊಣಕಾಲಿಗೆ, ಸೊಂಟದ ಪಕ್ಕಕ್ಕೆ ಹಾಕುವ ಪ್ಯಾಡ್. ಅದರ ಮಾನದಂಡ ಇಎನ್ 1621-1. ಇನ್ನೊಂದು, ಇಡೀ ಪ್ಯಾಂಟ್. ಅದರದ್ದು ಇಎನ್ 17092. ಎಷ್ಟೋ ಕಡೆ ಪ್ಯಾಡಿಗೆ ಮಾತ್ರ ಸಿಇ ಇರುತ್ತೆ, ಪ್ಯಾಂಟ್ ಮಾಮೂಲಿ ಡೆನಿಮ್. ಮಾರುವವರು "ಸಿಇ ಜೀನ್ಸ್" ಅಂತಾರೆ. ಸುಳ್ಳೂ ಅಲ್ಲ, ನಿಜಾನೂ ಅಲ್ಲ.

ಪ್ಯಾಂಟಿನ ಒಳಗೆ ಹೊಲಿದ ಲೇಬಲ್ ಹುಡುಕಿ. ಬೈಕ್ ಸವಾರನ ಸಣ್ಣ ಚಿತ್ರ, ಅದರ ಹತ್ತಿರ ಮಾನದಂಡದ ಸಂಖ್ಯೆ, ಆಮೇಲೆ ದರ್ಜೆ. ಎಎಎ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಎಎ, ಆಮೇಲೆ ಎ. ಬಿ ಅಂದರೆ ಬಟ್ಟೆ ಎ ಮಟ್ಟದ್ದೇ, ಆದರೆ ಪ್ಯಾಡ್ ಇಲ್ಲ. ಸಿ ಅನ್ನೋದು ಪ್ಯಾಡ್ ಹಿಡಿದಿಡುವ ಒಳಉಡುಪು, ಉಜ್ಜಾಟಕ್ಕೆ ಅಲ್ಲ. ಹೊರಗೆ ನೇತುಹಾಕಿದ ಚೀಟಿ (ಹ್ಯಾಂಗ್ ಟ್ಯಾಗ್) ಮೇಲೆ ಬರೆದದ್ದನ್ನು ಲೆಕ್ಕಕ್ಕೆ ತಗೋಬೇಡಿ.

ನೀಲಿ ಸ್ಕೂಟರ್
ದರ್ಜೆಗಳ ನಡುವೆ ನಿಜವಾಗಿ ಎಷ್ಟು ವ್ಯತ್ಯಾಸ ಇದೆ? ಎ ಸಾಕಾಗಲ್ವಾ?

ಸ್ಟುಟ್‌ಗಾರ್ಟ್ ಸೀನ
ಬಟ್ಟೆಯ ತುಂಡನ್ನು ತಿರುಗುವ ಯಂತ್ರಕ್ಕೆ ಕಟ್ಟಿ, ಕಾಂಕ್ರೀಟಿನ ಮೇಲೆ ಬಿಟ್ಟು, ತಾನಾಗಿ ನಿಲ್ಲುವ ತನಕ ಜಾರಿಸುತ್ತಾರೆ. ತೂತು ಬಿದ್ದರೆ ಫೇಲ್. ಮೊಣಕಾಲು, ಸೊಂಟದಂಥ ಮುಖ್ಯ ಜಾಗದ ಬಟ್ಟೆಗೆ ಎ ದರ್ಜೆಯಲ್ಲಿ ಆ ವೇಗ ಗಂಟೆಗೆ 45 ಕಿ.ಮೀ.ಗೆ ಸಮ. ಎಎನಲ್ಲಿ 70. ಎಎಎನಲ್ಲಿ 120. ಬೇರೆ ಜಾಗಗಳಿಗೆ ಇದಕ್ಕಿಂತ ಕಮ್ಮಿ. ಹೊಲಿಗೆ ಬಿಚ್ಚಿಕೊಳ್ಳುತ್ತಾ, ಬಟ್ಟೆ ಹರಿಯುತ್ತಾ ಅಂತಾನೂ ನೋಡುತ್ತಾರೆ.

ಹೆದ್ದಾರಿಗೆ ಹೋಗುವವರಿಗೆ ಎಎ ಕಡಿಮೆ ಪಕ್ಷ ಅಂತ ನನ್ನ ಅನಿಸಿಕೆ.

ಹಳೇ ಬುಲೆಟ್
ಅಂದರೆ ಎಎಎ ಹಾಕಿಕೊಂಡು 120ರಲ್ಲಿ ಬಿದ್ದರೆ ಎದ್ದು ಧೂಳು ಕೊಡವಿಕೊಂಡು ಮನೆಗೆ ಹೋಗಬಹುದು ಅಂತಾಯ್ತು.

ಸ್ಟುಟ್‌ಗಾರ್ಟ್ ಸೀನ
ಹಾಗೆ ಯಾರೂ ಹೇಳಿಲ್ಲ. ಅದು ಲ್ಯಾಬಿನ ವೇಗ, ರಸ್ತೆಯ ಗ್ಯಾರಂಟಿ ಅಲ್ಲ. ಮೈಲಿಗಲ್ಲಿಗೋ ಲಾರಿಗೋ ಹೊಡೆದರೆ ಯಾವ ಜೀನ್ಸೂ ಕಾಲು ಮುರಿಯೋದನ್ನು ತಪ್ಪಿಸಲ್ಲ. ಚರ್ಮ ಕಿತ್ತುಹೋಗೋದು, ಗಾಯದೊಳಗೆ ಜಲ್ಲಿ ಸೇರೋದು, ಆಮೇಲೆ ಚರ್ಮ ಕಸಿ ಮಾಡಿಸೋದು, ಇವು ಕಮ್ಮಿಯಾಗುತ್ತವೆ.

ವಾರ್ಡ್ ನಂಬರ್ ಆರು
ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಮೇಲಿನ ಕೊನೇ ಸಾಲನ್ನು ಎಲ್ಲರೂ ಇನ್ನೊಂದು ಸಲ ಓದಿ. ಗಾಯದಲ್ಲಿ ಕೂತ ಮಣ್ಣು, ಜಲ್ಲಿ ಚೂರನ್ನು ಬ್ರಷ್ ಹಾಕಿ ಉಜ್ಜಿ ತೆಗೀತಾರೆ. ಮೂಳೆ ಮುರಿದವರಿಗಿಂತ ಜೋರಾಗಿ ಇವರೇ ಕೂಗೋದು.

ಜಾಲಹಳ್ಳಿ ಕ್ರಾಸ್
ಅಯ್ಯೋ, ಊಟ ಮಾಡ್ತಾ ಓದ್ತಿದ್ದೆ.

ಸರಿ, ಕೆವ್ಲಾರ್ ಕಥೆ ಏನು ಹಾಗಾದರೆ?

ಎಳೆ ಎಳೆಯಾಗಿ
ಜವಳಿ ಓದಿದವನು, ಇದಕ್ಕೆ ನಾನು ಉತ್ತರಿಸ್ತೀನಿ. ಕೆವ್ಲಾರ್ ಅನ್ನೋದು ಡ್ಯುಪಾಂಟ್ ಕಂಪನಿ ಶುರು ಮಾಡಿದ ಬ್ರಾಂಡ್ ಹೆಸರು. ಅಲ್ಲಿನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್ 1965ರಲ್ಲಿ ಕಂಡುಹಿಡಿದದ್ದು. ಆ ಜಾತಿಯ ಎಳೆಗೆ ಅರಮಿಡ್ ಅಂತಾರೆ. ಬೇರೆ ಕಂಪನಿಗಳೂ ಮಾಡುತ್ತವೆ, ಟ್ವಾರಾನ್ ಇನ್ನೊಂದು ಹೆಸರು. ಜೀನ್ಸ್ ತಿರುಗಿಸಿದರೆ ಒಳಗೆ ಹಳದಿ ಬಟ್ಟೆ ಕಾಣುತ್ತಲ್ಲ, ಸಾಮಾನ್ಯವಾಗಿ ಅದೇ. ಆದರೆ ಹಳದಿ ಬಣ್ಣ ಹಾಕಿದ ಯಾವುದೋ ಬಟ್ಟೆಯೂ ಹಳದಿಯಾಗೇ ಕಾಣುತ್ತೆ, ಮರೀಬೇಡಿ.

ಮುಖ್ಯವಾಗಿ ಕೇಳಬೇಕಾದ್ದು, ಆ ಬಟ್ಟೆ ಎಲ್ಲಿವರೆಗೂ ಇದೆ ಅಂತ. ಕೆಲವರು ಮೊಣಕಾಲಿಗೆ ಒಂದು ತೇಪೆ, ಹಿಂಭಾಗಕ್ಕೆ ಒಂದು ತೇಪೆ ಹಾಕಿ ಬಿಡುತ್ತಾರೆ. ತೊಡೆಯ ಹೊರಬದಿ ಖಾಲಿ. ಬೈಕಿನಿಂದ ಪಕ್ಕಕ್ಕೆ ಬಿದ್ದಾಗ ಮೊದಲು ನೆಲಕ್ಕೆ ತಾಗೋದು ಸೊಂಟ, ತೊಡೆಯ ಆ ಬದಿಯೇ.

ಇನ್ನೊಂದು ಬಗೆ, ಡೈನೀಮಾ. ಇದು ಪಾಲಿಎಥಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಎಳೆ. ಬಲೇ ಹಗುರ, ಉಜ್ಜಾಟ ಚೆನ್ನಾಗಿ ತಡೆಯುತ್ತೆ. ಇದನ್ನು ಹತ್ತಿ ಜೊತೆ ಸೇರಿಸಿಯೇ ಡೆನಿಮ್ ನೇಯ್ತಾರೆ, ಹಾಗಾಗಿ ಒಂದೇ ಪದರದ ಜೀನ್ಸ್ ಸಿಗುತ್ತೆ. ಸೆಕೆಗೆ ಅದು ವಾಸಿ. ಕೋರ್ಡುರಾ ಡೆನಿಮ್ ಅಂತ ಇನ್ನೊಂದಿದೆ, ನೈಲಾನ್ ಬೆರೆಸಿದ್ದು. ಮಾಮೂಲಿ ಡೆನಿಮ್‌ಗಿಂತ ಗಟ್ಟಿ. ಆದರೆ ಅದೊಂದರ ಹೆಸರು ನೋಡಿ ಹೆದ್ದಾರಿಗೆ ಹೋಗಲ್ಲ ನಾನು.

ಚಾರ್ಮಾಡಿ ಮಳೆ
ಡೈನೀಮಾ ಬಿಸಿಗೆ ಕರಗುತ್ತೆ ಅಂತಾರಲ್ಲ ಮಾರಾಯ್ರೆ? ಜಾರುವಾಗ ಬಿಸಿ ಆಗೋದಿಲ್ವಾ?

ಎಳೆ ಎಳೆಯಾಗಿ
ಕರಗುತ್ತೆ, 150 ಡಿಗ್ರಿ ಹತ್ತಿರ. ಅರಮಿಡ್ ಕರಗೋದೇ ಇಲ್ಲ, 400 ಡಿಗ್ರಿ ದಾಟಿದ ಮೇಲೆ ಕರಕಲಾಗುತ್ತೆ. ಆದರೂ ಡೈನೀಮಾ ನುಣುಪು, ಘರ್ಷಣೆ ಕಮ್ಮಿ, ಹಾಗಾಗಿ ಬಿಸಿಯೂ ಕಮ್ಮಿ. ಅದನ್ನು ಹಾಕಿದ ಜೀನ್ಸೂ ಎಎ, ಎಎಎ ಪಾಸಾಗಿವೆ. ಎಳೆಯ ಹೆಸರಿಗಿಂತ ಮುಗಿದ ಪ್ಯಾಂಟಿನ ದರ್ಜೆ ನೋಡಿ ಅಂತ ಸೀನ ಹೇಳಿದ್ದು ಇದಕ್ಕೇ. ಬಿಸಿ ಸೈಲೆನ್ಸರಿಗೆ ಮಾತ್ರ ಒರಗಿಸಬೇಡಿ.

ಬಳ್ಳಾರಿ ಬಿಸಿಲು
ಜೀನ್ಸ್ ಅಂದಮೇಲೆ ನಮ್ಮೂರಿನ ಹೆಸರು ಇಷ್ಟು ಹೊತ್ತಾದರೂ ಬರಲಿಲ್ಲ ನೋಡ್ರಿ! ಗಲ್ಲಿಗೊಂದು ಹೊಲಿಗೆ ಯೂನಿಟ್ ಇದೆ ನಮ್ಮಲ್ಲಿ. ಅರಮಿಡ್ ಬಟ್ಟೆ ಮೀಟರ್ ಲೆಕ್ಕದಲ್ಲಿ ತರಿಸಿ, ಹಳೇ ಜೀನ್ಸಿಗೆ ಒಳಪದರ ಹೊಲಿಸಿಕೊಂಡರೆ ಏನು ತೊಂದರೆ? ಅರ್ಧ ರೇಟಿಗೆ ಆಗುತ್ತಲ್ಲ?

ಎಳೆ ಎಳೆಯಾಗಿ
ಹೊಲಿಯಬಹುದು. ಮೊದಲ ತೊಂದರೆ ಕತ್ತರಿಸೋದು. ಮಾಮೂಲಿ ಕತ್ತರಿ ಒಂದೆರಡು ಪ್ಯಾಂಟಿಗೇ ಮೊಂಡಾಗುತ್ತೆ, ಟೈಲರ್ ನಿಮ್ಮನ್ನು ಶಪಿಸ್ತಾನೆ. ಎರಡನೆಯದು ಹೊಲಿಗೆ. ನೆಲಕ್ಕೆ ಬಿದ್ದ ಕೂಡಲೇ ಸೀಮ್ ಬಿಚ್ಚಿದರೆ ಒಳಗೆ ಚಿನ್ನದ ಪದರ ಇದ್ದರೂ ಅಷ್ಟೇ. ರೈಡಿಂಗ್ ಜೀನ್ಸಿನಲ್ಲಿ ಮುಖ್ಯ ಸೀಮುಗಳಿಗೆ ಎರಡು ಮೂರು ಸಾಲು ಹೊಲಿಗೆ ಇರುತ್ತೆ, ಒಂದು ಸಾಲು ಹೊರಗೆ ಕಾಣದಂತೆ ಒಳಗೆ ಅಡಗಿರುತ್ತೆ. ಹೊರಗಿನದು ಸವೆದರೂ ಒಳಗಿನದು ಹಿಡಿದುಕೊಳ್ಳಲಿ ಅಂತ. ನಿಮ್ಮ ಹಳೇ ಜೀನ್ಸಿಗೆ ಅದನ್ನು ಆಮೇಲೆ ಸೇರಿಸಲು ಆಗಲ್ಲ.

ಬಳ್ಳಾರಿ ಬಿಸಿಲು
ಹೊಲಿಗೆ ನಮ್ಮವರಿಗೆ ಹೇಳಿಕೊಡಬೇಕಾ? ಮೂರು ಸಾಲು ಅಂದರೆ ಮೂರು ಸಾಲು. ಬಟ್ಟೆ, ಮಾದರಿ ಕೊಟ್ಟರೆ ಮಾಡ್ತಾರೆ. ಪರೀಕ್ಷೆಗೆ ಕಳಿಸಿ, ಸರ್ಟಿಫಿಕೇಟ್ ತರಲು ದುಡ್ಡು ಹಾಕುವವರು ಇಲ್ಲ, ಅಷ್ಟೇ ಕೊರತೆ. ಬ್ರಾಂಡಿನವರು ಯಾರಾದರೂ ಓದ್ತಿದ್ರೆ ಈ ಕಡೆ ಬನ್ನಿ.

ಘಾಟಿ ಗಿರಾಕಿ
ಈ ಮಾತು ನಿಜವಾಗಲೂ ಚೆನ್ನಾಗಿದೆ. ವಯಾಟೆರ್ರಾ ಬೆಂಗಳೂರಿನದೇ, ರೈನಾಕ್ಸ್ ಮುಂಬೈ. ರೈಡಿಂಗ್ ಗೇರ್ ಮಾಡುವವರು ಈಗ ನಮ್ಮಲ್ಲೇ ಇದ್ದಾರೆ, ಬಳ್ಳಾರಿ ದೂರ ಏನಿಲ್ಲ.

ಮೈಸೂರು ಮಲ್ಲಿ
ಎಲ್ಲರೂ ಬಟ್ಟೆ, ಎಳೆ ಅಂತ ಮಾತಾಡ್ತಿದ್ದೀರಿ. ಫಿಟ್ಟಿಂಗ್ ಬಗ್ಗೆ ಒಬ್ಬರೂ ಬಾಯಿ ಬಿಡಲ್ಲ, ಯಾಕಂದ್ರೆ ಎಲ್ಲಾ ಗಂಡಸರ ಅಳತೆಗೇ ಹೊಲಿದಿರ್ತಾರೆ. ನನಗೆ ಸೊಂಟಕ್ಕೆ ಸರಿಯಾದರೆ ಹಿಂಭಾಗ ಬಿಗಿ. ಹಿಂಭಾಗಕ್ಕೆ ಸರಿಯಾದರೆ ಸೊಂಟದಲ್ಲಿ ಇನ್ನೊಬ್ಬರು ತೂರಬಹುದು. ಹೆಂಗಸರ ಜೀನ್ಸ್ ಅಂತ ಮಾರುವುದರಲ್ಲಿ ಪ್ಯಾಡ್ ಹಾಕಿದ ಮೇಲೆ ಸೊಂಟದ ಪಕ್ಕ ಗಂಟು ಕಟ್ಟಿದ ಹಾಗೆ ಉಬ್ಬುತ್ತೆ. ಕೊನೆಗೆ ಸ್ವಲ್ಪ ಹಿಗ್ಗುವ ಬಟ್ಟೆಯದ್ದು ತಗೊಂಡೆ, ಸೊಂಟವನ್ನು ಮಾತ್ರ ಟೈಲರ್ ಹತ್ತಿರ ಹಿಡಿಸಿದೆ.

ಒಂದು ಕಿವಿಮಾತು. ಅಂಗಡಿಯಲ್ಲಿ ಕನ್ನಡಿ ಮುಂದೆ ನಿಂತು ನೋಡಬೇಡಿ. ಹೊರಗೆ ನಿಲ್ಲಿಸಿದ ನಿಮ್ಮ ಬೈಕಿನ ಮೇಲೆ ಕೂತು ನೋಡಿ. ನಿಂತಾಗ ಮೊಣಕಾಲಿನ ಮೇಲೆ ಸರಿಯಾಗಿ ಕಾಣುವ ಪ್ಯಾಡ್, ಕೂತ ಕೂಡಲೇ ತೊಡೆ ಕಡೆ ಏರಿ ಬಿಡುತ್ತೆ. ನಿಂತಾಗ ಸ್ವಲ್ಪ ಕೆಳಗಿದ್ದರೇ ಒಳ್ಳೇದು.

ತೆಂಗಿನ ತೋಟ
+1. ಪ್ಯಾಡಿನ ಜೇಬು ಮೇಲೆ ಕೆಳಗೆ ಸರಿಸಲು ಬರುವಂಥದ್ದು ತಗೊಳ್ಳಿ, ಒಳಗೆ ವೆಲ್ಕ್ರೋ ಇರುತ್ತೆ. ಉದ್ದ ಜಾಸ್ತಿ ಆಯ್ತು ಅಂತ ಕೆಳಗೆ ಕತ್ತರಿಸಬಹುದು. ಆದರೆ ಕುಳ್ಳಗಿರುವವರಿಗೆ ಮೊಣಕಾಲಿನ ಜಾಗ ಹೇಗೂ ಕೆಳಗೇ ಉಳಿಯುತ್ತೆ. ಅದನ್ನು ಯಾವ ಟೈಲರೂ ಮೇಲೆ ತರಲ್ಲ.

ನೀಲಿ ಸ್ಕೂಟರ್
ಪ್ಯಾಡುಗಳಲ್ಲಿ ಲೆವೆಲ್ 1, ಲೆವೆಲ್ 2 ಅಂತಾರಲ್ಲ?

ಸ್ಟುಟ್‌ಗಾರ್ಟ್ ಸೀನ
ಪ್ಯಾಡಿನ ಮೇಲೆ ಒಂದು ಭಾರ ಬೀಳಿಸಿ, ಕೆಳಗೆ ಎಷ್ಟು ಬಲ ದಾಟಿ ಬರುತ್ತೆ ಅಂತ ಅಳೀತಾರೆ. ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1. 20ರ ಒಳಗಿದ್ದರೆ ಲೆವೆಲ್ 2. ವ್ಯತ್ಯಾಸ ಸಣ್ಣದಲ್ಲ. ಪ್ಯಾಂಟಿನ ಜೊತೆ ಲೆವೆಲ್ 1 ಬಂದಿದ್ದರೆ ಆಮೇಲೆ ಲೆವೆಲ್ 2 ತಂದು ಹಾಕಿಕೊಳ್ಳಬಹುದು, ಜೇಬಿನ ಅಳತೆಗೆ ಹೊಂದಬೇಕು ಅಷ್ಟೇ. ಸೊಂಟದ ಪ್ಯಾಡ್ ಎಷ್ಟೋ ಜೀನ್ಸಿನಲ್ಲಿ ಕೊಟ್ಟೇ ಇರಲ್ಲ, ಖಾಲಿ ಜೇಬು ಮಾತ್ರ ಇರುತ್ತೆ. ಕೇಳಿ ತಗೊಳ್ಳಿ.

ಬಳ್ಳಾರಿಯವರಿಗೆ ಒಂದು ಮಾತು. ಮೆತ್ತಗಿದ್ದು ಏಟು ಬಿದ್ದಾಗ ಗಟ್ಟಿಯಾಗುವ ಪ್ಯಾಡುಗಳ ಗುಣ ಬಿಸಿಲಿಗೆ, ಚಳಿಗೆ ಬದಲಾಗಬಹುದು. ಪ್ಯಾಡಿನ ಮೇಲೆ ಟಿ ಪ್ಲಸ್ ಗುರುತು ಇದೆಯಾ ನೋಡಿ. ಅದಿದ್ದರೆ 40 ಡಿಗ್ರಿಯಲ್ಲೂ ಪರೀಕ್ಷೆ ಆಗಿದೆ ಅಂತ.

ಬಳ್ಳಾರಿ ಬಿಸಿಲು
40 ನಮ್ಮಲ್ಲಿ ತಂಪಿನ ದಿನ ರೀ.

ಹಳೇ ಬುಲೆಟ್
ಇಷ್ಟೆಲ್ಲಾ ಮಾಡೋ ಬದಲು 3 ಸಾವಿರದ ಮೊಣಕಾಲಿನ ಗಾರ್ಡ್ ಮಾಮೂಲಿ ಜೀನ್ಸ್ ಮೇಲೆ ಕಟ್ಟಿಕೊಂಡರೆ ಆಯ್ತಲ್ಲ? ಆಫೀಸಿನಲ್ಲಿ ಬಿಚ್ಚಿ ಇಡಬಹುದು. ಇದಕ್ಕೂ ಬೇಡ ಅಂತೀರಾ?

ಘಾಟಿ ಗಿರಾಕಿ
ಈ ಸಲ ನಿಮ್ಮ ಮಾತಲ್ಲಿ ಅರ್ಥ ಇದೆ. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಮೊಣಕಾಲು, ಮುಂಗಾಲಿಗೆ ಏಟು ತಡೆಯೋದರಲ್ಲಿ ಒಳಗಿನ ಪ್ಯಾಡಿಗಿಂತ ಒಳ್ಳೇದೂ ಇರಬಹುದು, ಪಟ್ಟಿ ಬಿಗಿಯಾಗಿದ್ದರೆ ಜರುಗಲ್ಲ. ಸೊಂಟ, ತೊಡೆ, ಹಿಂಭಾಗ ಮಾತ್ರ ಹಾಗೇ ಉಳೀತು. ಕಾಡಿನ ದಾರಿಯಲ್ಲಿ ನಿಧಾನಕ್ಕೆ ಓಡಿಸುವವರಿಗೆ ನಾನೂ ಅದನ್ನೇ ಹೇಳ್ತೀನಿ.

ಹಳೇ ಬುಲೆಟ್
ಯಾರಾದರೂ ಇದನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಗಿರಾಕಿ ನನ್ನ ಮಾತು ಒಪ್ಪಿದ ದಿನ.

ಮೆಲ್ಬರ್ನ್ ಭಾವ
ಸೆಕೆ ಬಗ್ಗೆ ಕೇಳಿದ್ದರಲ್ಲ. ಇಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ 2018ರಿಂದ ಮೋಟೋಕ್ಯಾಪ್ ಅಂತ ಒಂದು ಯೋಜನೆ ನಡೆಸ್ತಿವೆ. ಅಂಗಡಿಯಲ್ಲಿ ಮಾರುವ ಜಾಕೆಟ್, ಪ್ಯಾಂಟ್, ಗ್ಲೌಸನ್ನು ಗುಟ್ಟಾಗಿ ಕೊಂಡು ತಂದು, ಲ್ಯಾಬಿನಲ್ಲಿ ಹರಿದು, ಉಜ್ಜಿ ನಕ್ಷತ್ರ ಕೊಡ್ತಾರೆ. ರಕ್ಷಣೆಗೆ ಒಂದು ಅಂಕ, ಬೆವರು, ಗಾಳಿಯಾಡುವುದಕ್ಕೆ ಬೇರೆ ಅಂಕ. ಎಲ್ಲಾ ಪುಕ್ಕಟೆ ನೋಡಬಹುದು. ಭಾರತದ ಬ್ರಾಂಡ್ ಹುಡುಕಿದರೆ ಸಿಗೋದು ಕಷ್ಟ. ಆದರೂ ಎಂಥಾ ಬಟ್ಟೆಗೆ ಎಷ್ಟು ಅಂಕ ಬರುತ್ತೆ ಅಂತ ಅಂದಾಜಾಗುತ್ತೆ. ದುಬಾರಿ ಜೀನ್ಸ್ ಕೆಲವು ಮಕಾಡೆ ಮಲಗಿವೆ ಅದರಲ್ಲಿ.

ಒಟ್ಟಾರೆ ನೋಡಿದರೆ ಒಂದೇ ಪದರದ್ದು ಸೆಕೆಗೆ ಹಿತ. ಪೂರ್ತಿ ಒಳಪದರ ಇರೋದು ಗಟ್ಟಿ, ಆದರೆ ಬೇಯಿಸುತ್ತೆ. ಬಲೆಯಂಥ ಬಟ್ಟೆಯ (ಮೆಶ್) ಪ್ಯಾಂಟ್ ಎಲ್ಲಕ್ಕಿಂತ ತಂಪು, ಆದರೆ ಆಫೀಸಿಗೆ ಬೇಡ ಅಂದಿದ್ದೀರಿ.

ಚಾರ್ಮಾಡಿ ಮಳೆ
ನಮ್ಮ ಕಡೆಯ ಸಮಸ್ಯೆ ಬೇರೆ. ಜೂನ್ ಬಂತು ಅಂದರೆ ಜೀನ್ಸ್ ಅನ್ನೋದೇ ಶಿಕ್ಷೆ. ಒಂದ್ಸಲ ನೆನೆದರೆ ಎರಡು ದಿನ ಒಣಗಲ್ಲ, ಒಳಪದರ ಇದ್ದರಂತೂ ನಾಲ್ಕು ದಿನ. ಮಳೆಗಾಲಕ್ಕೆ ನೈಲಾನಿನ ರೈಡಿಂಗ್ ಪ್ಯಾಂಟ್, ಮೇಲೊಂದು ರೈನ್ ಪ್ಯಾಂಟ್. ಜೀನ್ಸ್ ನವೆಂಬರಿನಿಂದ ಮೇ ತನಕ. ಎರಡು ತಗೊಳ್ಳಿ ಅಂತ ಹೇಳಿದರೆ ಇಲ್ಲಿ ಹೊಡೀತಾರೋ ಏನೋ.

ತೆಂಗಿನ ತೋಟ
ಹೊಡೆಯಲ್ಲ, ದುಡ್ಡು ಕಳಿಸಿ ಅಂತಾರೆ.

ಕಾವೇರಿ ಎಕ್ಸ್‌ಪ್ರೆಸ್
ಒಂದು ಪ್ರಶ್ನೆ. ನಾವೆಲ್ಲಾ ಮೈಪೂರ್ತಿ ಕವಚ ಹಾಕ್ತೀವಿ. ಹಿಂದೆ ಕೂರುವ ಹೆಂಡತಿ ಚೂಡಿದಾರಿನಲ್ಲಿ, ಅಮ್ಮ ಸೀರೆಯಲ್ಲಿ. ಅವರಿಗೆ ಏನು?

ಮೈಸೂರು ಮಲ್ಲಿ
ಕೊನೆಗೂ ಒಬ್ಬರು ಕೇಳಿದರು. ದುಪಟ್ಟಾ ಚೈನಿಗೆ ಸಿಕ್ಕಿ ಆಗುವ ಅನಾಹುತ ಕಮ್ಮಿಯಾ? ಸ್ಟೈಲಿಗೆ ಅಂತ ಸೀರೆ ಗಾರ್ಡ್ ಬಿಚ್ಚಿ ಎಸೆಯುವ ಮಹಾನುಭಾವರೂ ಇಲ್ಲೇ ಇದ್ದಾರೆ. ಹಿಂದಿನ ಚಕ್ರ ಅರ್ಧದಷ್ಟಾದರೂ ಮುಚ್ಚಿರಬೇಕು, ಹಿಂದೆ ಕೂತವರಿಗೆ ಹಿಡಿ, ಕಾಲು ಇಡಲು ಜಾಗ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತೆ.

ಡ್ಯೂಕ್ ದೊರೆ
ಬೈಕ್ ಲುಕ್ ಹಾಳಾಗುತ್ತೆ ಮೇಡಂ

ಮೈಸೂರು ಮಲ್ಲಿ
ನಿಮ್ಮ ಅಮ್ಮನಿಗೆ ಹೇಳಿ ಈ ಮಾತು.

ನಿರ್ವಾಹಕ
ಸೀರೆ ಗಾರ್ಡಿಗೆ ಬೇರೆ ಚರ್ಚೆ ತೆರೆಯಿರಿ, ದಯವಿಟ್ಟು. ಇಲ್ಲಿ ಜೀನ್ಸ್.

ಎಳೆ ಎಳೆಯಾಗಿ
ಒಗೆಯೋದರ ಬಗ್ಗೆ ಯಾರೂ ಹೇಳಿಲ್ಲ. ಪ್ಯಾಡ್ ತೆಗೆದು, ಒಳಗಿನದು ಹೊರಗೆ ಮಾಡಿ, ತಣ್ಣೀರಿನಲ್ಲಿ ಒಗೆಯಿರಿ. ಬ್ಲೀಚ್ ಬೇಡವೇ ಬೇಡ, ಅರಮಿಡ್ ಹಾಳಾಗುತ್ತೆ. ಬಿಸಿಲಿನ ನೇರಳಾತೀತ ಕಿರಣಕ್ಕೂ ಅದು ಸೊರಗುತ್ತೆ, ಆದ್ದರಿಂದ ತಿರುಗಿಸಿದ ಜೀನ್ಸನ್ನು ತಾರಸಿ ಬಿಸಿಲಲ್ಲಿ ಒಣಗಿಸಬೇಡಿ, ನೆರಳಲ್ಲಿ ಹಾಕಿ. ಮನೆಯಲ್ಲಿ ಬೇರೆಯವರು ಒಗೆಯೋದಾದರೆ ಇದನ್ನು ಮೊದಲೇ ಹೇಳಿಡಿ.

ಜಾಲಹಳ್ಳಿ ಕ್ರಾಸ್
ಶನಿವಾರ ಅಂಗಡಿಗಳನ್ನು ಸುತ್ತಿ ಬಂದೆ. ನೀವು ಹೇಳಿದ ಹಾಗೆ ಪ್ಯಾಂಟಿನ ಒಳಗೆ ಲೇಬಲ್ ತೋರಿಸಿ ಅಂದೆ. ಒಂದು ಕಡೆ ಪ್ಯಾಡ್ ಹೊರಗೆ ತೆಗೆದು "ನೋಡಿ ಸಾರ್, ಇಲ್ಲೇ ಬರೆದಿದೆಯಲ್ಲ" ಅಂದರು. ಪ್ಯಾಂಟಿನಲ್ಲಿ ಏನೂ ಇರಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಎರಡು ಇಷ್ಟ ಆದವು. ಮೊದಲನೆಯದು ಎ ದರ್ಜೆ, ಮೊಣಕಾಲಿಗೂ ಸೊಂಟಕ್ಕೂ ಲೆವೆಲ್ 2 ಪ್ಯಾಡ್, ಬಜೆಟ್ ಒಳಗೆ. ಎರಡನೆಯದು ಒಂದೇ ಪದರ, ಎಎ ದರ್ಜೆ, ಪ್ಯಾಡ್ ಲೆವೆಲ್ 1, ಬಜೆಟ್ ಮೇಲೆ 3 ಸಾವಿರ. ಬೈಕ್ ಮೇಲೆ ಕೂತು ನೋಡಿದೆ, ಎರಡೂ ಸರಿ ಕೂತವು. ಯಾವುದು?

ಘಾಟಿ ಗಿರಾಕಿ
ಎರಡನೆಯದು. ಪ್ಯಾಡ್ ಆಮೇಲೆ ಬದಲಾಯಿಸಬಹುದು, ಬಟ್ಟೆ ಬದಲಾಯಿಸಲು ಆಗಲ್ಲ.

ಸ್ಟುಟ್‌ಗಾರ್ಟ್ ಸೀನ
ನನ್ನ ಓಟೂ ಎರಡನೆಯದಕ್ಕೆ. ಆದರೆ ಜೇಬಿಗೆ ಲೆವೆಲ್ 2 ಹಿಡಿಸುತ್ತಾ ಅಂತ ಅಲ್ಲೇ ಹಾಕಿ ನೋಡಿ.

ಹಳೇ ಬುಲೆಟ್
ಮೊದಲನೆಯದು ತಗೊಳ್ಳಿ, ಉಳಿದ 3 ಸಾವಿರಕ್ಕೆ ಟೈರ್ ನೋಡಿ. ಸವೆದ ಟೈರಿನಲ್ಲಿ ಓಡಿಸಿ ಎಎಎ ಪ್ಯಾಂಟ್ ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ.

ಜಾಲಹಳ್ಳಿ ಕ್ರಾಸ್
ಟೈರ್ ಹೊಸದೇ ಸಾರ್ 😀 ಎರಡನೆಯದಕ್ಕೆ ಅಡ್ವಾನ್ಸ್ ಕೊಟ್ಟು ಬಂದೆ. ನನ್ನ ಸೈಜಿನಲ್ಲಿ ಕಪ್ಪು ಬರಬೇಕಂತೆ, ಮುಂದಿನ ವಾರ.

ತೆಂಗಿನ ತೋಟ
ಶೂ ಯಾವುದು ಹಾಕ್ತೀರಿ? ಕೂತಾಗ ಜೀನ್ಸ್ ಮೇಲೇರಿ ಕಣಕಾಲು ಬಯಲಾಗುತ್ತೆ. ಕಣಕಾಲು ಮುಚ್ಚುವ ಶೂ ಇಲ್ಲದಿದ್ದರೆ ಅಲ್ಲಿ ಏನೂ ಇಲ್ಲದ ಹಾಗೆ.

ಜಾಲಹಳ್ಳಿ ಕ್ರಾಸ್
ಆಫೀಸ್ ಶೂ. ಇನ್ನೊಂದು ಖರ್ಚು ತೋರಿಸಿಬಿಟ್ರಲ್ಲ!

ಗುಂಡಣ್ಣ 44
ತಡವಾಗಿ ಬಂದೆ. ಸೊಂಟ 44 ಇರುವವರಿಗೆ ಎಎ ಜೀನ್ಸ್ ಯಾರಾದರೂ ಮಾಡ್ತಾರಾ? ಎಲ್ಲಾ ಕಡೆ 38ಕ್ಕೆ ನಿಲ್ಲುತ್ತೆ.

ಮೈಸೂರು ಮಲ್ಲಿ
ಅಳತೆ ಕಳಿಸಿ ಹೊಲಿಸಿಕೊಳ್ಳುವ ಗೇರ್ ಅಂಗಡಿಗಳಿವೆ, ವಿಚಾರಿಸಿ. ಆದರೆ ಹಾಗೆ ಹೊಲಿದದ್ದಕ್ಕೆ ಲೇಬಲ್ ಬರುತ್ತಾ ಅಂತ ಮೊದಲು ಕೇಳಿ, ಆಮೇಲೆ ದುಡ್ಡು ಕೊಡಿ.

ಬಳ್ಳಾರಿ ಬಿಸಿಲು
44 ಏನು, 50ಕ್ಕೂ ಹೊಲಿಸಿಕೊಡ್ತೀವಿ. ಲೇಬಲ್ ಒಂದು ಕೇಳಬೇಡಿ.